ಕಾಲಂ ಎಷ್ಟು ಅಗಲ ಇರಬೇಕು? ಸಂಚಿಕೆ, ಕರಪತ್ರ ಮಾಡುವವರಿಗೆ ಸಾಲಿನ ಲೆಕ್ಕ

ಕಲಬುರಗಿ ಕಡೆ ಜಾತ್ರೆ, ಉರುಸು, ಕಾಲೇಜಿನ ಬೆಳ್ಳಿಹಬ್ಬ, ಮಠದ ಪುಣ್ಯಸ್ಮರಣೆ ಏನೇ ಇರಲಿ, ಅದರ ಹಿಂದೆ ಒಂದು ಸ್ಮರಣ ಸಂಚಿಕೆ ಬಂದೇ ಬರುತ್ತದೆ. ಹೆಚ್ಚಿನವು ಒಂದೇ ಥರ ಇರುತ್ತವೆ. ಎ4 ಪುಟ, ಈ ಅಂಚಿನಿಂದ ಆ ಅಂಚಿಗೆ ಒಂದೇ ಕಾಲಂ, 12 ಪಾಯಿಂಟ್ ಅಕ್ಷರ. ಲೇಖನ ಚೆನ್ನಾಗಿಯೇ ಇರುತ್ತದೆ. ಆದರೆ ಎರಡನೇ ಪ್ಯಾರಾ ಮುಗಿಯುವುದರೊಳಗೆ ಕಣ್ಣು ಸೋತು ಹೋಗುತ್ತದೆ. ಜನ ಫೋಟೊ ನೋಡಿ, ತಮ್ಮ ಹೆಸರು ಹುಡುಕಿ, ಪುಸ್ತಕ ಮಡಚಿ ಇಡುತ್ತಾರೆ. "ಬರೆದವರು ಬೇಜಾರು ಬರೆದಾರ" ಎಂದು ಮಾತು ಬರುತ್ತದೆ. ಬಹಳ ಸಲ ಕೈಕೊಟ್ಟಿರುವುದು ಸಾಲಿನ ಉದ್ದ.

ಕಮಿಟಿಯವರು ಲ್ಯಾಪ್‌ಟಾಪ್ ಕೊಟ್ಟು "ನೀನೇ ಸೆಟ್ ಮಾಡು" ಎಂದು ಕೂರಿಸಿದ ಮೇಷ್ಟ್ರಿಗೆ, ವಿದ್ಯಾರ್ಥಿಗೆ, ಹೊಸದಾಗಿ ಡಿಟಿಪಿಗೆ ಕೂತವರಿಗೆ ಈ ಬರಹ. ವರ್ಡ್ ಇದ್ದರೆ ಸಾಕು. ಕೆಲಸದ ಕ್ರಮ ಮಾತ್ರ ಬದಲಿಸಬೇಕು. ನಾವು ಮೊದಲು ಕಾಗದದ ಸೈಜ್ ಹಿಡಿಯುತ್ತೇವೆ, ಆಮೇಲೆ ಅದರೊಳಗೆ ಅಕ್ಷರ ತುಂಬುತ್ತೇವೆ. ಮೊದಲು ಫಾಂಟ್, ಆಮೇಲೆ ಸಾಲಿನ ಉದ್ದ, ಆಮೇಲೆ ಸಾಲಿನ ನಡುವಿನ ಅಂತರ, ಕೊನೆಗೆ ಕಾಲಂ. ಹೀಗೆ ಹೋದರೆ ಅರ್ಧ ತೊಂದರೆ ತಾನಾಗಿಯೇ ಕಳೆಯುತ್ತದೆ.

ಓದುವಾಗ ಕಣ್ಣು ಏನು ಮಾಡುತ್ತದೆ

ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಜಾರುತ್ತದೆ ಅಂತ ನಮಗೆ ಅನಿಸುತ್ತದೆ. ನಿಜವಾಗಿ ಅದು ಜಿಗಿಯುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮುಂದಕ್ಕೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ಓದು ನಡೆಯುವುದು ನಿಂತಾಗ. ಸಾಲು ಮುಗಿದ ಮೇಲೆ ಒಂದು ದೊಡ್ಡ ಜಿಗಿತ ಇದೆ. ಬಲ ತುದಿಯಿಂದ ಎಡಕ್ಕೆ ಬಂದು, ಒಂದು ಸಾಲು ಕೆಳಗೆ ಇಳಿಯಬೇಕು. ಗುರಿ ತಪ್ಪುವುದು ಇಲ್ಲೇ.

ತೊಗರಿ ಹೊಲದಲ್ಲಿ ಕಳೆ ತೆಗೆಯುವವರು ಉದ್ದ ಸಾಲಿನ ತುದಿ ಮುಟ್ಟಿ ವಾಪಸ್ ಬಂದಾಗ, ತಮ್ಮ ಸಾಲು ಯಾವುದು ಎಂದು ಒಂದು ಕ್ಷಣ ತಡಕಾಡುತ್ತಾರಲ್ಲ, ಹಾಗೆ. ಸಾಲು ಉದ್ದವಾದಷ್ಟೂ ವಾಪಸ್ ಜಿಗಿತ ಉದ್ದ. ಓದಿದ ಸಾಲನ್ನೇ ಮತ್ತೆ ಓದುತ್ತೇವೆ, ಇಲ್ಲವೇ ಒಂದನ್ನು ಬಿಟ್ಟು ಕೆಳಗಿನದಕ್ಕೆ ಹೋಗುತ್ತೇವೆ. ವಯಸ್ಸಾದವರು ಬೆರಳಿಟ್ಟು ಓದುವುದು ಸುಮ್ನೆ ಅಲ್ಲ.

ಸಾಲು ತೀರಾ ಗಿಡ್ಡವಾದರೂ ಕಷ್ಟ. ಒಂದೆರಡು ಪದಕ್ಕೇ ಸಾಲು ಮುಗಿಯುತ್ತದೆ, ವಾಕ್ಯ ತುಂಡು ತುಂಡಾಗುತ್ತದೆ, ಕಣ್ಣು ಬರೀ ಕೆಳಗಿಳಿಯುತ್ತಲೇ ಇರುತ್ತದೆ.

ಇಂಗ್ಲಿಷ್ ಮುದ್ರಣದಲ್ಲಿ ಸಾಲಿಗೆ 45ರಿಂದ 75 ಅಕ್ಷರ ಎಂಬ ರೂಢಿ ಇದೆ. ವೆಬ್ ಪುಟಗಳನ್ನು ಎಲ್ಲರೂ ಓದುವಂತೆ ಮಾಡಲು ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2008ರಲ್ಲಿ ತಂದ ಮಾರ್ಗಸೂಚಿಯ ಅತಿ ಕಟ್ಟುನಿಟ್ಟಿನ ಹಂತದಲ್ಲಿ 80 ಅಕ್ಷರದ ಮಿತಿ ಇದೆ. ಚೀನಿ, ಜಪಾನಿ, ಕೊರಿಯನ್ ಲಿಪಿಗಳಿಗೆ 40. ಕನ್ನಡಕ್ಕೆ ಅಂತ ಬೇರೆ ಅಂಕಿ ಅಲ್ಲಿಲ್ಲ. ಪರದೆಯ ಮೇಲೆ ಉದ್ದ ಸಾಲೇ ಬೇಗ ಓದಿಸಿಕೊಳ್ಳುತ್ತದೆ ಎಂದು ತೋರಿಸಿದ ಪ್ರಯೋಗಗಳೂ ಇವೆ. ಆದರೆ ವೇಗ ಬೇರೆ, ಹಿತ ಬೇರೆ. ಯಾವುದು ಓದಲು ಹಿತ ಎಂದು ಕೇಳಿದರೆ ಜನ ಸಾಮಾನ್ಯವಾಗಿ ತೋರಿಸುವುದು ಮಧ್ಯಮ ಅಳತೆಯ ಸಾಲನ್ನೇ. ಸಂಚಿಕೆಗೆ ನಮಗೆ ಬೇಕಿರುವುದೂ ಅದೇ. ಯಾರೂ ಪರೀಕ್ಷೆಗೆ ಓದುತ್ತಿಲ್ಲ.

ಮೊದಲ ಕೆಲಸ: ನಿಮ್ಮ ಬರಹದ ಪದ ಎಣಿಸಿ

ಇಂಗ್ಲಿಷ್ ಅಂಕಿ ತಂದು ಕನ್ನಡಕ್ಕೆ ಹಚ್ಚಿದರೆ ಲೆಕ್ಕ ಕೆಡುತ್ತದೆ. ಒಂದು ಕಾರಣ, ಕಂಪ್ಯೂಟರ್ ಎಣಿಸುವ ರೀತಿ. ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಕ್ಕೂ ಕಂಪ್ಯೂಟರ್ ಬಳಸುವ ಸಂಕೇತ ಪದ್ಧತಿ) 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ ಬೇಕು: ಸ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ತ, ವಿರಾಮ, ರ, ಗುಡಿಸಿನ ದೀರ್ಘ. ಸಾಫ್ಟ್‌ವೇರ್ ಆರು ಎನ್ನುತ್ತದೆ, ಕಣ್ಣು ಒಂದೇ ಎನ್ನುತ್ತದೆ. ಹಾಗಾಗಿ ವರ್ಡ್ ಕೌಂಟ್ ನಂಬಬೇಡಿ. ಬಾಯಲ್ಲಿ ಒಂದೊಂದಾಗಿ ಹೇಳಿಕೊಂಡು ಎಣಿಸಿ, ಒತ್ತಕ್ಷರ ಸೇರಿ ಒಂದು.

ಇನ್ನೊಂದು ಕಾರಣ ದೊಡ್ಡದು. ಈ ಎರಡನ್ನು ನೋಡಿ:

"ಸಂಜೆ ರಥ ಎಳೆಯುವ ಹೊತ್ತಿಗೆ ಗುಡಿಯ ಸುತ್ತ ಕಾಲಿಡಲು ಜಾಗ ಇರಲಿಲ್ಲ."

"ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಆಯೋಜಿಸಲಾಗಿರುವ"

ಮೊದಲನೆಯದರಲ್ಲಿ 26 ಅಕ್ಷರ, 9 ಪದ. ಎರಡನೆಯದರಲ್ಲಿ 27 ಅಕ್ಷರ, ಆದರೆ ಪದ ನಾಲ್ಕೇ. ಕಾಲಂ ಅಗಲ ನಿರ್ಧರಿಸುವಾಗ ಈ ವ್ಯತ್ಯಾಸವೇ ಎಲ್ಲ. ಸಾಲಿಗೆ 15 ಅಕ್ಷರ ಹಿಡಿಯುವ ಪತ್ರಿಕೆಯಂಥ ಕಾಲಂನಲ್ಲಿ ಜಾತ್ರೆಯ ವಾಕ್ಯ ಆರಾಮಾಗಿ ಕೂರುತ್ತದೆ. ವರದಿಯ ವಾಕ್ಯ ಹಾಕಿ ನೋಡಿ. ಮೊದಲ ಸಾಲಿನಲ್ಲಿ ಎರಡು ಪದ. ಎರಡನೇ ಸಾಲಿನಲ್ಲಿ 'ವಿದ್ಯಾರ್ಥಿಗಳಿಗಾಗಿ' ಒಂದೇ ಕೂತು, ಅರ್ಧ ಸಾಲು ಖಾಲಿ. ಆ ಪುಟ ಹಲ್ಲು ಉದುರಿದ ಬಾಯಿ ಆಗದಿರಬೇಕಾದರೆ ಕಾಲಂ ಅಗಲ ಮಾಡಲೇಬೇಕು.

ಅದಕ್ಕೆ ಲೇಖನಗಳು ಕೈಗೆ ಬಂದ ಕೂಡಲೇ ಅವನ್ನು ಎರಡು ಗುಂಪು ಮಾಡಿ. ನೆನಪು, ಕಥೆ, ಸಂದರ್ಶನ, ಮಾತಿನ ಧಾಟಿಯ ಬರಹ ಒಂದು ಕಡೆ. ವರದಿ, ಸಂಶೋಧನಾ ಲೇಖನ, ಅಧ್ಯಕ್ಷರ ಸಂದೇಶ ಇನ್ನೊಂದು ಕಡೆ. ಮೊದಲ ಗುಂಪು ಕಿರಿದಾದ ಕಾಲಂನಲ್ಲೂ ಬದುಕುತ್ತದೆ. ಎರಡನೆಯದಕ್ಕೆ ಬದುಕಲು ಜಾಗ ಬೇಕು. ಸಂಚಿಕೆಯ ಎಲ್ಲ ಪುಟಕ್ಕೂ ಒಂದೇ ಕಾಲಂ ಅಳತೆ ಇರಲೇಬೇಕು ಅನ್ನುವ ಹಟ ಬೇಡ.

ನಾನು ಹಿಡಿಯುವ ಅಳತೆ ಹೀಗಿದೆ, ಪದಗಳ ನಡುವಿನ ಖಾಲಿ ಜಾಗವನ್ನೂ ಒಂದೊಂದು ಅಕ್ಷರ ಎಂದು ಎಣಿಸಿದರೆ. ಪುಸ್ತಕದ ಥರ ಒಂದೇ ಕಾಲಂ ಇದ್ದರೆ ಸಾಲಿಗೆ 32ರಿಂದ 40. ಎರಡು ಕಾಲಂ ಇದ್ದರೆ 22ರಿಂದ 28. ಇಪ್ಪತ್ತರ ಕೆಳಗೆ ಹೋಗುವುದು ಚಿಕ್ಕ ಸುದ್ದಿ, ಬಾಕ್ಸ್, ಫೋಟೊ ಕೆಳಗಿನ ಬರಹಕ್ಕೆ ಮಾತ್ರ. 45 ದಾಟಿದರೆ ನಾನು ಕಾಲಂ ಒಡೆಯುತ್ತೇನೆ.

ಫಾಂಟ್ ಗಟ್ಟಿ ಮಾಡಿಕೊಳ್ಳಿ

ಫಾಂಟ್ ಬದಲಾದರೆ ಮೇಲಿನ ಎಲ್ಲ ಲೆಕ್ಕವೂ ಬದಲಾಗುತ್ತದೆ. ಪಾಯಿಂಟ್ ಒಂದೇ ಆದರೂ ನುಡಿ ಫಾಂಟ್‌ನ ಅಕ್ಷರಕ್ಕೂ ನೋಟೊ ಸಾನ್ಸ್ ಕನ್ನಡದ ಅಕ್ಷರಕ್ಕೂ ಅಗಲ ಒಂದೇ ಇರುವುದಿಲ್ಲ. ನಮ್ಮಲ್ಲಿ ಒಬ್ಬರು ನುಡಿಯಲ್ಲಿ ಕಳಿಸುತ್ತಾರೆ, ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಯೂನಿಕೋಡ್ ಟೈಪ್ ಮಾಡಿ ಕಳಿಸುತ್ತಾರೆ, ಮೂರನೆಯವರು ಕೈಬರಹದ ಫೋಟೊ ಹಾಕುತ್ತಾರೆ. ಎಲ್ಲವನ್ನೂ ಮೊದಲು ಒಂದೇ ಫಾಂಟ್‌ಗೆ ತನ್ನಿ. ಕನ್ವರ್ಟ್ ಮಾಡಿದ್ದನ್ನು ಒಮ್ಮೆ ಓದಿ ನೋಡಿ, ಒತ್ತಕ್ಷರ ಕೆಟ್ಟಿರುತ್ತದೆ. ಕಾಲಂ ಹಾಕಿದ ಮೇಲೆ ಕನ್ವರ್ಟ್ ಮಾಡಿದರೆ ಇಡೀ ಪುಟವೇ ಓಡುತ್ತದೆ.

ಈಗ ನಿಮ್ಮ ಫಾಂಟ್ ಅಳೆಯಿರಿ. ಮಾಮೂಲಿ ಬರಹದ ಒಂದು ಪ್ಯಾರಾ ಹಾಕಿ. ಹತ್ತು ತುಂಬು ಸಾಲು ಆರಿಸಿ, ಅಕ್ಷರ ಎಣಿಸಿ, ಹತ್ತರಿಂದ ಭಾಗಿಸಿ. ಅದೇ ನಿಮ್ಮ ಸಾಲಿನ ಅಕ್ಷರ. ಬೋರು ಹೊಡೆಯುತ್ತದೆ, ನಿಜ. ಒಂದು ಸಲ ಮಾಡಿದರೆ ಆ ಫಾಂಟ್‌ಗೆ ಅದೇ ಸೈಜ್, ಅದೇ ಅಗಲ ಇರುವವರೆಗೆ ಮತ್ತೆ ಮಾಡಬೇಕಿಲ್ಲ. ಎಣಿಸುವ ಮೊದಲು ಒಂದು ಅಂದಾಜು ಬೇಕಾದರೆ, ಅಕ್ಷರದ ಸರಾಸರಿ ಅಗಲ ಅದರ ಪಾಯಿಂಟ್‌ನ ಮುಕ್ಕಾಲು ಎಂದು ಹಿಡಿಯಿರಿ. 12 ಪಾಯಿಂಟ್‌ಗೆ 9 ಪಾಯಿಂಟ್ ಅಗಲ. ಒಂದು ಇಂಚಿಗೆ 72 ಪಾಯಿಂಟ್, ಹಾಗಾಗಿ ಇಂಚಿಗೆ ಎಂಟು ಅಕ್ಷರ. ಇಕ್ಕಟ್ಟು ಫಾಂಟ್ ಆದರೆ ಒಂದೆರಡು ಜಾಸ್ತಿ.

ಎ4 ಪುಟದ ಲೆಕ್ಕ

ಎ4 ಅಗಲ 210 ಮಿಮೀ. ಎರಡೂ ಬದಿ 25 ಬಿಟ್ಟರೆ 160 ಉಳಿಯುತ್ತದೆ. 12 ಪಾಯಿಂಟ್‌ನಲ್ಲಿ ಒಂದೇ ಕಾಲಂ ಹಾಕಿದರೆ ಸಾಲಿಗೆ ಸುಮಾರು 50 ಅಕ್ಷರ. ನಮ್ಮ ಮಿತಿ ದಾಟಿತು.

ಎರಡು ಕಾಲಂ ಮಾಡಿ, ನಡುವೆ 7 ಮಿಮೀ ಬಿಡಿ. ಒಂದೊಂದು ಕಾಲಂ 76.5 ಮಿಮೀ. 12 ಪಾಯಿಂಟ್‌ಗೆ 24 ಅಕ್ಷರ, 11 ಪಾಯಿಂಟ್‌ಗೆ 26. ಐದಾರು ಪದ. ಓದಲು ಹಿತ.

ಮೂರು ಕಾಲಂ ಹಾಕುವ ಆಸೆ ಬರುತ್ತದೆ, ಮ್ಯಾಗಜಿನ್ ಥರ ಕಾಣುತ್ತದೆ ಅಂತ. 11 ಪಾಯಿಂಟ್‌ನಲ್ಲಿ ಸಾಲಿಗೆ 17 ಅಕ್ಷರ ಸಿಗಬಹುದು. ಸುದ್ದಿ ತುಣುಕಿಗೆ ಸರಿ. ಉದ್ದ ಲೇಖನಕ್ಕೆ ಬೇಡವೇ ಬೇಡ.

ಇಲ್ಲಿ ಕಮಿಟಿಯ ಹಿರಿಯರು ಬಂದು ಹಿಂದೆ ನಿಲ್ಲುತ್ತಾರೆ. "ಒಂದ ಕಾಲಂ ಹಾಕಪಾ, ಪುಟ ಕಡಿಮಿ ಆಗ್ತಾವ." ಅವರಿಗೆ ಲೆಕ್ಕ ತೋರಿಸಿ: "ಕಾಕಾ, ಎರಡ್ ಹಾಕಿದ್ರೇ ಕಡಿಮಿ ಆಗ್ತಾವ್ರಿ." ಉದ್ದ ಸಾಲಿಗೆ ನಡುವಿನ ಅಂತರ ಜಾಸ್ತಿ ಬೇಕು. 12 ಪಾಯಿಂಟ್‌ನ 50 ಅಕ್ಷರದ ಸಾಲಿಗೆ 20 ಪಾಯಿಂಟ್ ಅಂತರ ಕೊಟ್ಟರೆ ಪುಟಕ್ಕೆ 35 ಸಾಲು, ಅಂದರೆ 1750 ಅಕ್ಷರ. ಎರಡು ಕಾಲಂನಲ್ಲಿ 11 ಪಾಯಿಂಟ್ ಅಕ್ಷರಕ್ಕೆ 16 ಅಂತರ ಸಾಕು. ಕಾಲಂಗೆ 43 ಸಾಲು, ಎರಡಕ್ಕೆ 86, ಒಟ್ಟು 2236 ಅಕ್ಷರ. ಅಕ್ಷರ 12ರಲ್ಲೇ ಇಟ್ಟು 17.5 ಅಂತರ ಕೊಟ್ಟರೂ 1920 ಬರುತ್ತದೆ. ಜೊತೆಗೆ ಪ್ಯಾರಾದ ಕೊನೆಯ ಸಾಲು ಅರ್ಧಕ್ಕೆ ನಿಂತಾಗ ಹಾಳಾಗುವ ಜಾಗವೂ ಗಿಡ್ಡ ಸಾಲಿನಲ್ಲಿ ಕಡಿಮೆ. ಪುಟದ ಖರ್ಚಿನ ಮಾತು ಬಂದರೆ ಕಾಕಾ ಕೂಡಲೇ ಒಪ್ಪುತ್ತಾರೆ.

ಡೆಮಿ 1/8, ಅಂದರೆ ಸುಮಾರು ಐದೂವರೆ ಇಂಚು ಅಗಲದ ಪುಸ್ತಕಕ್ಕೆ ಈ ತಲೆನೋವಿಲ್ಲ. ಅಂಚು ಬಿಟ್ಟರೆ ನಾಲ್ಕೂಕಾಲು ಇಂಚು ಉಳಿಯುತ್ತದೆ, 11 ಪಾಯಿಂಟ್‌ಗೆ 37 ಅಕ್ಷರ. ಕನ್ನಡದ ಕಥೆ, ಕಾದಂಬರಿ ಈ ಅಳತೆಯಲ್ಲಿ ಬರುವುದಕ್ಕೆ ಬೆಲೆಯಷ್ಟೇ ಕಾರಣ ಅಲ್ಲ ಅನಿಸುತ್ತದೆ.

ಕವಿತೆ, ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದ ಇಂಥವು ಬಂದರೆ ಈ ಲೆಕ್ಕ ಪಕ್ಕಕ್ಕಿಡಿ. ಅತಿ ಉದ್ದದ ಸಾಲು ಮುರಿಯದೆ ಕೂರುವಷ್ಟು ಕಾಲಂ ಕೊಡಿ. ಕೂರಲೇ ಇಲ್ಲ ಅಂದರೆ ಉಳಿದ ಪದವನ್ನು ಮುಂದಿನ ಸಾಲಿನಲ್ಲಿ ಒಳಕ್ಕೆ ತಳ್ಳಿ ಹಾಕಿ, ಹೊಸ ಸಾಲು ಅಂತ ಓದುಗ ತಿಳಿಯಬಾರದು.

ಸಾಲಿನ ನಡುವಿನ ಅಂತರ

ಅಮೆರಿಕದ ಮೈಲ್ಸ್ ಟಿಂಕರ್ ಮತ್ತು ಡೊನಾಲ್ಡ್ ಪ್ಯಾಟರ್ಸನ್ 1920ರ ದಶಕದ ಕೊನೆಯಿಂದ ವರ್ಷಗಟ್ಟಲೆ ಈ ವಿಷಯದ ಮೇಲೆ ಪ್ರಯೋಗ ಮಾಡಿದರು. ಅಕ್ಷರದ ಅಳತೆ, ಸಾಲಿನ ಉದ್ದ, ಸಾಲುಗಳ ನಡುವಿನ ಅಂತರ, ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ ಎಂಬುದು ಅವರ ಕೆಲಸದಿಂದ ಗಟ್ಟಿಯಾಯಿತು. ಒಂದನ್ನು ಎಳೆದರೆ ಉಳಿದೆರಡೂ ಅಲುಗುತ್ತವೆ.

ಕನ್ನಡದಲ್ಲಿ ಈ ಎಳೆತ ಇನ್ನೂ ಜೋರು. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಸಣ್ಣ ಬಾಲ ಇದ್ದರೆ ಹೆಚ್ಚು. ನಮಗೆ ಒತ್ತಕ್ಷರ ಪೂರ್ತಿ ಕೆಳಗೆ ಕೂರುತ್ತದೆ. 'ರಾಷ್ಟ್ರ'ದಲ್ಲಿ ಎರಡು ಒತ್ತು. 'ಕೈ' ಬರೆದರೂ ಕೆಳಗೆ ಸುರುಳಿ. ಮೇಲೆ ಗುಡಿಸು, ಏತ್ವ. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮುಟ್ಟುತ್ತದೆ. ಕಣ್ಣು ವಾಪಸ್ ಬರುವಾಗ ಹಿಡಿಯುವುದು ಸಾಲುಗಳ ನಡುವಿನ ಆ ಬಿಳಿ ದಾರಿಯನ್ನೇ. ಅದೇ ಮುಚ್ಚಿದರೆ ಸಾಲು ಗಿಡ್ಡ ಇದ್ದೂ ಉಪಯೋಗವಿಲ್ಲ.

25 ಅಕ್ಷರದ ಆಸುಪಾಸಿನ ಸಾಲಿಗೆ ಅಕ್ಷರದ ಒಂದೂವರೆ ಪಟ್ಟಿಗಿಂತ ತುಸು ಕಡಿಮೆ: 11ಕ್ಕೆ 16. 35–40ರ ಸಾಲಿಗೆ 11ಕ್ಕೆ 17. ಒಂದೇ ಕಾಲಂನಲ್ಲಿ 50 ಹಾಕಲೇಬೇಕಾದ ಪರಿಸ್ಥಿತಿ ಇದ್ದರೆ 12ಕ್ಕೆ 20.

ವರ್ಡ್‌ನಲ್ಲಿ 'ಸಿಂಗಲ್', '1.5' ಹಾಕಬೇಡಿ. ಕನ್ನಡ ಫಾಂಟ್‌ಗಳ ಒಳಗೇ ಮೇಲೆ ಕೆಳಗೆ ಜಾಗ ಇಟ್ಟಿರುತ್ತಾರೆ, ಒಂದೊಂದರಲ್ಲಿ ಒಂದೊಂದು ಥರ. ಸಾಲಿನ ನಡುವೆ ಒಂದು ಇಂಗ್ಲಿಷ್ ಪದ ಬಂದರೆ ಅಷ್ಟಕ್ಕೇ ಅಂತರ ಏರುಪೇರಾಗಬಹುದು. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ 'ಎಕ್ಸಾಕ್ಟ್ಲಿ' ಆರಿಸಿ, 16 ಅಥವಾ 17 ಎಂದು ಕೊಡಿ. ಆಮೇಲೆ 'ಸ್ತ್ರೀ', 'ರಾಷ್ಟ್ರ', 'ಜ್ಯೋತ್ಸ್ನೆ' ಟೈಪ್ ಮಾಡಿ, ಒಂದರ ಕೆಳಗೆ ಒಂದು ಸಾಲಿನಲ್ಲಿಟ್ಟು ನೋಡಿ. ತಲೆಯೋ ಕಾಲೋ ಕತ್ತರಿಸಿದ್ದರೆ ಒಂದು ಪಾಯಿಂಟ್ ಏರಿಸಿ.

ಕಾಲಂ ಹಾಕುವುದು

ಲೇಔಟ್‌ಗೆ ಹೋಗಿ, ಕಾಲಮ್ಸ್, ಮೋರ್ ಕಾಲಮ್ಸ್. ಎರಡು ಆರಿಸಿ, ಸ್ಪೇಸಿಂಗ್‌ನಲ್ಲಿ 0.7 ಸೆಂಮೀ ಕೊಡಿ. ನಡುವಿನ ಈ ಜಾಗ ಕನಿಷ್ಠ ಒಂದು ಸಾಲಿನ ಅಂತರದಷ್ಟಾದರೂ ಇರಲಿ. ಇಲ್ಲದಿದ್ದರೆ ಕಣ್ಣು ಎಡ ಕಾಲಂನಿಂದ ನೇರ ಬಲ ಕಾಲಂಗೆ ಹಾರಿಬಿಡುತ್ತದೆ. ಜಾಗ ಸಾಲದಿದ್ದರೆ ನಡುವೆ ತೆಳು ಗೆರೆ ಎಳೆಯಿರಿ. ಜಾಗವೂ ಇದ್ದು ಗೆರೆಯೂ ಇದ್ದರೆ ಪುಟ ಗಿಜಿಗಿಜಿ ಅನಿಸುತ್ತದೆ.

ಲೇಖನದ ಹೆಸರು ಪೂರ್ತಿ ಅಗಲಕ್ಕೆ ಬರಬೇಕು ಅಂದರೆ ಅದರ ಕೆಳಗೆ 'ಕಂಟಿನ್ಯೂಯಸ್' ಸೆಕ್ಷನ್ ಬ್ರೇಕ್ ಹಾಕಿ, ಅಲ್ಲಿಂದ ಕೆಳಗೆ ಮಾತ್ರ ಎರಡು ಕಾಲಂ ಮಾಡಿ. ಲೇಖನದ ಕೊನೆಯಲ್ಲೂ ಅದೇ ಬ್ರೇಕ್ ಹಾಕಿದರೆ ಎರಡೂ ಕಾಲಂ ಸಮನಾಗಿ ನಿಲ್ಲುತ್ತವೆ. ಇನ್‌ಡಿಸೈನ್ ಬಳಸುವವರು ಯೂನಿಕೋಡ್ ಕನ್ನಡಕ್ಕೆ 'ವರ್ಲ್ಡ್ ರೆಡಿ' ಕಂಪೋಸರ್ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ.

ಜಸ್ಟಿಫೈ ಮಾಡಬೇಕೇ

ಎರಡೂ ಅಂಚು ನೆಟ್ಟಗೆ ಇರಬೇಕು ಅನ್ನುವುದು ನಮ್ಮವರ ದೊಡ್ಡ ಮೋಹ. ಎಡಕ್ಕೆ ಮಾತ್ರ ಸೇರಿಸಿ ಬಲ ಅಂಚು ಬಿಟ್ಟರೆ "ಅರ್ಧ ಕೆಲಸ ಮಾಡ್ಯಾನ" ಅಂತಾರೆ. ಆದರೆ ಸಾಫ್ಟ್‌ವೇರ್ ಅಂಚು ನೆಟ್ಟಗೆ ಮಾಡುವುದು ಪದಗಳ ನಡುವಿನ ಜಾಗ ಹಿಗ್ಗಿಸಿ. ಸಾಲಿನಲ್ಲಿ ಒಂಬತ್ತು ಪದ ಇದ್ದರೆ ಎಂಟು ಕಡೆ ಹಂಚುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎರಡೇ ಪದ ಇದ್ದರೆ ಎಲ್ಲ ಜಾಗವೂ ಒಂದೇ ಕಡೆ ಬಂದು ಬೀಳುತ್ತದೆ. ಅಂಥ ನಾಲ್ಕು ಸಾಲು ಒಂದರ ಕೆಳಗೆ ಒಂದು ಬಂದರೆ ಪ್ಯಾರಾದ ನಡುವೆ ಬಿಳಿ ಬಿರುಕು.

ಸರಾಸರಿ ಐದು ಪದಕ್ಕಿಂತ ಜಾಸ್ತಿ ಕೂರುವ ಕಾಲಂಗೆ ಜಸ್ಟಿಫೈ ಮಾಡಿ. ಅದಕ್ಕಿಂತ ಕಡಿಮೆ ಆದರೆ ಎಡಕ್ಕೆ ಸೇರಿಸಿ. ವರದಿ, ಸಂದೇಶಗಳನ್ನು ಎರಡು ಕಾಲಂನಲ್ಲಿ ಜಸ್ಟಿಫೈ ಮಾಡಲೇಬೇಕಾದರೆ ಪದ ಒಡೆಯುವುದನ್ನು ಕಲಿಯಿರಿ. ಮನಸ್ಸಿಗೆ ಬಂದಲ್ಲಿ ಒಡೆಯಬಾರದು. 'ವಿಶ್ವ' ಒಂದು ಕಡೆ, 'ವಿದ್ಯಾಲಯದ' ಇನ್ನೊಂದು ಕಡೆ ಹೋದರೆ ಓದು ನಿಲ್ಲುವುದಿಲ್ಲ. 'ವಿದ್ಯಾರ್ಥಿ' ಮತ್ತು 'ಗಳಿಗಾಗಿ' ಕೂಡ ಪರವಾಗಿಲ್ಲ. 'ವಿದ್ಯಾ' ಆದ ಮೇಲೆ 'ರ್ಥಿಗಳಿಗಾಗಿ' ಬಂದರೆ ಓದುಗ ಎಡವುತ್ತಾನೆ. ಒಂದೇ ಅಕ್ಷರವನ್ನು ಸಾಲಿನ ತುದಿಗೋ ಮೊದಲಿಗೋ ಒಂಟಿಯಾಗಿ ಬಿಡಬೇಡಿ.

ಒಡೆಯುವ ಜಾಗದಲ್ಲಿ ಮಾಮೂಲಿ ಹೈಫನ್ ಒತ್ತಬೇಡಿ. ನಾಳೆ ಯಾರೋ ಒಂದು ಪದ ಸೇರಿಸಿದರೆ ಅದು ಸಾಲಿನ ನಡುವೆ ಬಂದು ಹಲ್ಲು ಕಿರಿಯುತ್ತದೆ. ಕಂಟ್ರೋಲ್ ಕೀ ಹಿಡಿದು ಹೈಫನ್ ಒತ್ತಿ. ಬೇಕಾದಾಗ ಮಾತ್ರ ಕಾಣುವ ಹೈಫನ್ ಅದು. ವರ್ಡ್‌ನಲ್ಲೂ ಲಿಬ್ರೆ ಆಫೀಸ್‌ನಲ್ಲೂ ನಡೆಯುತ್ತದೆ.

ಹಾಗಿದ್ದರೆ ತಾಳೆಗರಿಯಲ್ಲಿ ಮೊಳದುದ್ದ ಸಾಲು ಓದುತ್ತಿದ್ದರಲ್ಲ ಎಂದು ಒಬ್ಬ ಮೇಷ್ಟ್ರು ಕೇಳಿದರು. ಒಳ್ಳೇ ಪ್ರಶ್ನೆ. ಗರಿ ಅಗಲವಿಲ್ಲ, ಹಾಗಾಗಿ ಒಂದು ಬದಿಗೆ ಕೆಲವೇ ಸಾಲು. ದಾರಿ ತಪ್ಪಲು ಅವಕಾಶವೇ ಕಡಿಮೆ. ಜೊತೆಗೆ ದಾರ ಪೋಣಿಸುವ ತೂತಿನ ಸುತ್ತ ಜಾಗ ಬಿಟ್ಟು ಬರೆಯುತ್ತಿದ್ದರು. ಆ ಖಾಲಿ ಜಾಗ ಉದ್ದ ಸಾಲನ್ನು ತುಂಡು ಮಾಡಿ ಕಣ್ಣಿಗೆ ಗುರುತು ಕೊಡುತ್ತಿತ್ತು. ನಮ್ಮ ಎ4 ಪುಟಕ್ಕೆ ಅದು ಎರಡೂ ಇಲ್ಲ.

ಪಿಡಿಎಫ್ ಫೋನಿಗೆ ಹೋದಾಗ

ಸಂಚಿಕೆ 500 ಪ್ರತಿ ಹಾಕಿಸಿದರೂ ಅದಕ್ಕಿಂತ ಹೆಚ್ಚು ಜನ ನೋಡುವುದು ವಾಟ್ಸಾಪ್‌ಗೆ ಬಂದ ಪಿಡಿಎಫ್. ಫೋನಿನ ಪರದೆ ಏಳು ಸೆಂಮೀ ಅಗಲ ಎಂದಿಟ್ಟುಕೊಳ್ಳಿ. 21 ಸೆಂಮೀ ಪುಟ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. 12 ಪಾಯಿಂಟ್ ಅಕ್ಷರ 4 ಪಾಯಿಂಟ್ ಆಗುತ್ತದೆ. ಅಲ್ಲಿ ಎರಡು ಕಾಲಂ ಅಂದರೆ ಹಿಗ್ಗಿಸು, ಕೆಳಗೆ ಎಳೆ, ಮತ್ತೆ ಮೇಲೆ ಹೋಗು, ಬಲಕ್ಕೆ ಎಳೆ. ಎಷ್ಟು ಜನ ಮಾಡುತ್ತಾರೆ?

ಅದಕ್ಕೆ ಫೋನಿಗೆ ಬೇರೆ ಪಿಡಿಎಫ್ ಮಾಡಿ. ಪುಟದ ಅಗಲವನ್ನೇ 10 ಸೆಂಮೀ ಇಡಿ, ಎತ್ತರ 18. ಅಂಚು 8 ಮಿಮೀ ಸಾಕು. 14 ಪಾಯಿಂಟ್ ಅಕ್ಷರ, ಒಂದೇ ಕಾಲಂ, ಎಡಕ್ಕೆ ಸೇರಿಸಿ. ಪರದೆಯಲ್ಲಿ ಅದು ಸುಮಾರು 10 ಪಾಯಿಂಟ್ ಕಾಣುತ್ತದೆ, ಸಾಲಿಗೆ 22 ಅಕ್ಷರ. ಪುಟದ ಸಂಖ್ಯೆ ಏರುತ್ತದೆ, ಏರಲಿ. ಫೋನಿನಲ್ಲಿ ಕಾಗದಕ್ಕೆ ದುಡ್ಡಿಲ್ಲ.

ವೆಬ್ ಪುಟ ಮಾಡುವವರಿಗೆ ಒಂದೇ ಮಾತು. ಬರಹದ ಗರಿಷ್ಠ ಅಗಲವನ್ನು 'ಎಂ' (em) ಅಳತೆಯಲ್ಲಿ ಕೊಡಿ, 28ರಿಂದ 30. 'ಸಿಎಚ್' (ch) ಅಳತೆ ಇಂಗ್ಲಿಷ್ ಶೈಲಿಯ ಸೊನ್ನೆಯ ಅಗಲದ ಮೇಲೆ ನಿಂತಿದೆ, ಕನ್ನಡಕ್ಕೆ ಕೂರುವುದಿಲ್ಲ.

ಕನ್ನಡ, ಉರ್ದು ಎರಡೂ ಇದ್ದರೆ

ನಮ್ಮೂರಿನ ಕರಪತ್ರಗಳಲ್ಲಿ ಇದು ಮಾಮೂಲಿ. ಬೀದರ್ ಕಡೆಯೂ ಅಷ್ಟೇ. ಕನ್ನಡ ಎಡಕ್ಕೆ, ಉರ್ದು ಬಲಕ್ಕೆ ಇಡಿ. ಕನ್ನಡ ಎಡದಿಂದ ಶುರು, ಉರ್ದು ಬಲದಿಂದ. ಎರಡರ ಆರಂಭದ ಅಂಚೂ ಪುಟದ ಹೊರಬದಿಗೆ ನೆಟ್ಟಗೆ ನಿಲ್ಲುತ್ತವೆ, ಕಣ್ಣು ವಾಪಸ್ ಬರುವ ಜಾಗ ಸ್ಪಷ್ಟ. ಏರುಪೇರಿನ ಅಂಚುಗಳು ನಡುವೆ ಎದುರುಬದುರಾಗುತ್ತವೆ, ಅಲ್ಲೊಂದು ತೆಳು ಗೆರೆ ಎಳೆದರೆ ಆಯಿತು. ಉರ್ದುವಿನ ನಸ್ತಾಲಿಕ್ ಬರಹ ಓರೆಯಾಗಿ ಇಳಿಯುತ್ತದೆ. ಅದಕ್ಕೆ ನಮ್ಮ ಒತ್ತಕ್ಷರಕ್ಕಿಂತಲೂ ಜಾಸ್ತಿ ಅಂತರ ಬೇಕು. ಎರಡರ ಸಾಲೂ ಎದುರುಬದುರು ಬರಲಿ ಎಂದು ಒಂದೇ ಅಂತರ ಹೇರಬೇಡಿ. ಯಾರೋ ಒಬ್ಬರಿಗೆ ಅನ್ಯಾಯ ಆಗುತ್ತದೆ. ಹಾಗೆಯೇ ಕಾಲಂ ಅಗಲವೂ ಸಮ ಇರಬೇಕಿಲ್ಲ. ಕನ್ನಡದ ಉದ್ದ ಪದಗಳಿಗೆ ಸ್ವಲ್ಪ ಹೆಚ್ಚು ಅಗಲ ಬಿಟ್ಟು, ಎರಡೂ ಒಂದೇ ಎತ್ತರಕ್ಕೆ ಮುಗಿಯುವಂತೆ ಗೆರೆಯನ್ನು ಅತ್ತಿತ್ತ ಸರಿಸಿ.

ಪ್ರೆಸ್‌ಗೆ ಕೊಡುವ ಮುಂಚೆ

ಪರದೆ ನೋಡಿ ತೀರ್ಮಾನ ಮಾಡಬೇಡಿ. ಒಂದು ಹಾಳೆ ಪ್ರಿಂಟ್ ತೆಗೆಯಿರಿ. ಪ್ರಿಂಟ್ ಸೆಟ್ಟಿಂಗ್‌ನಲ್ಲಿ 'ಫಿಟ್' ತೆಗೆದು 100 ಪರ್ಸೆಂಟ್ ಇಡಿ, ಇಲ್ಲದಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಐವತ್ತು ದಾಟಿದ ಒಬ್ಬರ ಕೈಗೆ ಕೊಟ್ಟು ಜೋರಾಗಿ ಓದಲು ಹೇಳಿ. "ಹೆಂಗದ ರೀ?" ಎಂದು ಕೇಳಬೇಡಿ, "ಛಲೋ ಅದ" ಅಂತಲೇ ಹೇಳುತ್ತಾರೆ. ಓದುವಾಗ ನೋಡುತ್ತಿರಿ. ಸಾಲಿನ ಮೊದಲಿಗೆ ಬಂದು ತಡವರಿಸಿದರೆ, ಓದಿದ್ದನ್ನೇ ಮತ್ತೆ ಓದಿದರೆ ಸಾಲು ಉದ್ದವಾಯಿತು ಇಲ್ಲವೇ ಅಂತರ ಕಡಿಮೆಯಾಯಿತು. ಮೊದಲು ಅಂತರ ಒಂದು ಪಾಯಿಂಟ್ ಏರಿಸಿ, ಆಗಲೂ ಸರಿಯಾಗದಿದ್ದರೆ ಕಾಲಂ ಕಿರಿದು ಮಾಡಿ. ಮಾತು ತುಂಡು ತುಂಡಾಗಿ, ಪದಕ್ಕೆ ಪದಕ್ಕೆ ನಿಂತು ಬಂದರೆ ಕಾಲಂ ಗಿಡ್ಡವಾಯಿತು. ಹಾಳೆ ಹಿಡಿದ ಕೈ ದೂರ ಹೋದರೆ ಅದು ಕಾಲಂನ ಗೊಡವೆ ಅಲ್ಲ. ಅಕ್ಷರ ಒಂದು ಪಾಯಿಂಟ್ ದೊಡ್ಡದು ಮಾಡಿ, ಸಾಲಿನ ಅಕ್ಷರ ಮತ್ತೆ ಎಣಿಸಿ.